ಲ್ಯಾಬ್ ಮ್ಯಾನುಯಲ್‌ನ ಏಳನೇ ಪ್ರೋಗ್ರಾಂ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ನಮಸ್ಕಾರ.

ನಾನು ಕಾಲೇಜೊಂದರಲ್ಲಿ ಮಾಹಿತಿ ತಂತ್ರಜ್ಞಾನದ ಮಕ್ಕಳಿಗೆ ವೆಬ್ ಪ್ರೋಗ್ರಾಮಿಂಗ್ ಪಾಠ ಮಾಡುತ್ತೇನೆ. ಹೋದ ಸೆಮಿಸ್ಟರ್‌ನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಡೆದ ಒಂದು ಸಂಗತಿ ಇವತ್ತಿಗೂ ನನ್ನನ್ನು ಕೊರೆಯುತ್ತಿದೆ. ಅದನ್ನು ನಿಮಗೆ ಹೇಳಲೇಬೇಕು.

ಹುಡುಗಿಯೊಬ್ಬಳಿಗೆ ಚೀಟಿಯಲ್ಲಿ ಏಳನೇ ಪ್ರೋಗ್ರಾಂ ಬಂತು. ಲಾಗಿನ್ ಪುಟ ಬರೆಯಬೇಕು, ಅದನ್ನು ಡೇಟಾಬೇಸ್‌ಗೆ ಜೋಡಿಸಬೇಕು, ಹೆಸರು ಮತ್ತು ಪಾಸ್‌ವರ್ಡ್ ಸರಿ ಇದ್ದರೆ ಒಳಗೆ ಬಿಡಬೇಕು. ಜಾಣ ಹುಡುಗಿ. ನಲವತ್ತು ನಿಮಿಷದಲ್ಲಿ ಮುಗಿಸಿದಳು. ಔಟ್‌ಪುಟ್ ಬಂತು. ವೈವಾದಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಪೂರ್ತಿ ಅಂಕ ಬರೆದರು, ಪಕ್ಕದಲ್ಲಿ ನಾನೂ ಸಹಿ ಹಾಕಿದೆ.

ಅವಳು ಹೋದ ಮೇಲೆ ಆ ಕಂಪ್ಯೂಟರಿನ ಮುಂದೆ ಕೂತೆ. ಪಾಸ್‌ವರ್ಡ್ ಹಾಕುವ ಜಾಗದಲ್ಲಿ ಒಂದು ಒಂಟಿ ಕೊಟೇಶನ್ ಗುರುತು ಹಾಕಿದೆ. ಅದರ ಹಿಂದೆಯೇ ‘ಅಥವಾ ಒಂದಕ್ಕೆ ಒಂದು ಸಮ’ ಎಂಬ ಅರ್ಥ ಕೊಡುವ ಚಿಕ್ಕ ತುಂಡೊಂದನ್ನು ಟೈಪ್ ಮಾಡಿ ಎಂಟರ್ ಒತ್ತಿದೆ. ‘ಸ್ವಾಗತ, ಅಡ್ಮಿನ್’ ಎಂದು ಬಂತು. ಪಾಸ್‌ವರ್ಡ್ ಏನೆಂದು ನನಗೆ ಗೊತ್ತೇ ಇರಲಿಲ್ಲ.

ತಪ್ಪು ಅವಳದ್ದಲ್ಲ. ಅವಳು ಬರೆದದ್ದು ನಮ್ಮ ಲ್ಯಾಬ್ ಮ್ಯಾನುಯಲ್‌ನಲ್ಲಿ ಇರುವ ಹಾಗೇ, ಒಂದು ಸಾಲೂ ಆಚೀಚೆ ಇಲ್ಲದೆ. ಅದನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ತೋರಿಸಿದವಳು ನಾನೇ. ನಾವು ಮಕ್ಕಳಿಗೆ ಸುರಕ್ಷತೆ ಕಲಿಸುತ್ತಿಲ್ಲ ಎಂದು ಹೇಳಿದರೆ ಅರ್ಧ ಸತ್ಯ ಹೇಳಿದ ಹಾಗೆ. ತೂತು ಇರುವ ಕೋಡನ್ನೇ ನಾವು ಕಲಿಸುತ್ತಿದ್ದೇವೆ. ಅದಕ್ಕೆ ಅಂಕವನ್ನೂ ಕೊಡುತ್ತಿದ್ದೇವೆ.

ಇದು ಹೇಗಾಗುತ್ತದೆ ಎಂದು ಕಂಪ್ಯೂಟರ್ ಭಾಷೆ ಬಿಟ್ಟು ಹೇಳುತ್ತೇನೆ. ಒಂದು ಅರ್ಜಿ ನಮೂನೆ ಇದೆ ಅಂದುಕೊಳ್ಳಿ. ಹೆಸರು ಬರೆಯಲು ಬಿಟ್ಟ ಖಾಲಿ ಜಾಗದಲ್ಲಿ ಯಾರೋ ‘ಈ ಅರ್ಜಿಯನ್ನು ಮಂಜೂರು ಮಾಡಿದೆ’ ಎಂದು ಬರೆಯುತ್ತಾರೆ. ಅದು ಅರ್ಜಿದಾರರು ಬರೆದದ್ದೋ, ಮೇಲಿನವರ ಆದೇಶವೋ ಎಂದು ಗುಮಾಸ್ತರು ನೋಡುವುದೇ ಇಲ್ಲ. ಸುಮ್ನೆ ಮಂಜೂರು ಮಾಡಿಬಿಡುತ್ತಾರೆ. ಏಳನೇ ಪ್ರೋಗ್ರಾಂ ಮಾಡುವುದು ಇದನ್ನೇ. ಹೊರಗಿನವರು ಟೈಪ್ ಮಾಡಿದ್ದನ್ನು ಡೇಟಾಬೇಸ್‌ಗೆ ಕೊಡುವ ಆದೇಶದ ವಾಕ್ಯಕ್ಕೆ ನೇರವಾಗಿ ಅಂಟಿಸುತ್ತದೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. ಮದ್ದೂ ಗೊತ್ತಿದೆ. ಆದೇಶವನ್ನು ಮೊದಲೇ ಸಿದ್ಧಪಡಿಸಿ ಕಳಿಸಬೇಕು, ಬಳಕೆದಾರರು ಕೊಟ್ಟ ಮಾಹಿತಿಯನ್ನು ಬೇರೆಯಾಗಿ ಕೊಡಬೇಕು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುವುದು ಇದಕ್ಕೇ. ಎರಡು ಮೂರು ಸಾಲು ಜಾಸ್ತಿ ಬರೆಯಬೇಕಾಗುತ್ತದೆ, ಅಷ್ಟೇ.

ಈ ದೋಷದ ಬಗ್ಗೆ ಬಹಿರಂಗವಾಗಿ ಬರೆದದ್ದು 1998ರಲ್ಲಿ. ನನ್ನ ಈಗಿನ ವಿದ್ಯಾರ್ಥಿಗಳು ಆಗ ಹುಟ್ಟಿರಲೇ ಇಲ್ಲ. ನಮ್ಮ ಮ್ಯಾನುಯಲ್ ಬಳಸುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಜೊತೆ ಮಾತಾಡುವ ಹಳೆಯ ಫಂಕ್ಷನ್‌ಗಳನ್ನು 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಪೂರ್ತಿ ತೆಗೆದುಹಾಕಿದರು. ಹೊಸ ಆವೃತ್ತಿಯಲ್ಲಿ ನಮ್ಮ ಏಳನೇ ಪ್ರೋಗ್ರಾಂ ಓಡುವುದೇ ಇಲ್ಲ. ಅದಕ್ಕೆ ನಾವೇನು ಮಾಡಿದ್ದೇವೆ ಗೊತ್ತೇ? ಪ್ರೋಗ್ರಾಂ ಬದಲಾಯಿಸಿಲ್ಲ. ಲ್ಯಾಬಿನ ಕಂಪ್ಯೂಟರುಗಳಲ್ಲಿ ಹಳೆಯ ಪಿಎಚ್‌ಪಿ 5 ಅನ್ನೇ ಉಳಿಸಿಕೊಂಡಿದ್ದೇವೆ. ಅದರ ಕೊನೆಯ ಆವೃತ್ತಿಗೆ ಭದ್ರತಾ ತಿದ್ದುಪಡಿ ಕೊಡುವುದು 2018ರ ಕೊನೆಗೇ ನಿಂತುಹೋಗಿದೆ.

ಇದು ಬರೀ ಪರೀಕ್ಷೆಯ ವಿಷಯವಾಗಿದ್ದರೆ ನಿಮಗೆ ಪತ್ರ ಬರೆಯುತ್ತಿರಲಿಲ್ಲ. ಲ್ಯಾಬಿನಲ್ಲಿ ಕಲಿತ ಕೋಡ್ ಲ್ಯಾಬಿನಲ್ಲೇ ಉಳಿಯುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊದಲ ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ ಫೋನ್ ಮಾಡಿದ್ದ. ಒಂದು ಚಿಕ್ಕ ಸಂಸ್ಥೆಗೆ ಅವನು ಮಾಡಿಕೊಟ್ಟಿದ್ದ ವೆಬ್‌ಸೈಟಿನಿಂದ ಗ್ರಾಹಕರ ಪಟ್ಟಿ ಪೂರ್ತಿ ಹೊರಗೆ ಹೋಗಿತ್ತು. ‘ಮೇಡಂ, ನಮ್ಮ ರೆಕಾರ್ಡ್ ಬುಕ್ಕಿನಲ್ಲಿ ಇದ್ದ ಹಾಗೇ ಬರೆದಿದ್ದೆ’ ಅಂದ. ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ.

ದೊಡ್ಡ ಕಂಪನಿಗಳಲ್ಲೂ ಆದದ್ದು ಇದೇ. 2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪನಿಯಿಂದ 1,56,959 ಗ್ರಾಹಕರ ವಿವರ ಕಳುವಾಯಿತು. ದಾರಿ ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್. ಹಳೆಯ ವೆಬ್ ಪುಟಗಳನ್ನು ಯಾರೂ ನೋಡಿಕೊಳ್ಳದೆ ಹಾಗೇ ಬಿಟ್ಟಿದ್ದರು. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 4 ಲಕ್ಷ ಪೌಂಡ್ ದಂಡ ಹಾಕಿತು. ಇದಕ್ಕೂ ಮೊದಲು, 2009ರಲ್ಲಿ, ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಹೋದವು. ಅವನ್ನು ಇದ್ದದ್ದು ಇದ್ದ ಹಾಗೇ, ಯಾರು ಬೇಕಾದರೂ ಓದುವಂತೆ ಇಟ್ಟಿದ್ದರು. ನಮ್ಮ ಮ್ಯಾನುಯಲ್‌ನ ಟೇಬಲ್ಲಿನಲ್ಲೂ ಪಾಸ್‌ವರ್ಡ್ ಹಾಗೇ ಕೂತಿದೆ. ಪಾಸ್‌ವರ್ಡನ್ನು ಕದ್ದರೂ ಸುಲಭಕ್ಕೆ ಓದಲಾಗದಂತೆ ಇಡುವ ಬಿಕ್ರಿಪ್ಟ್ ಎಂಬ ವಿಧಾನ ಬಂದದ್ದು 1999ರಲ್ಲಿ. ಇವತ್ತು ಪಿಎಚ್‌ಪಿಯಲ್ಲಿ ಅದಕ್ಕೆ ಒಂದೇ ಸಾಲು ಸಾಕು.

‘ಸೈಬರ್ ಭದ್ರತೆಗೆ ಕೊನೆಯ ವರ್ಷದಲ್ಲಿ ಎಲೆಕ್ಟಿವ್ ಪೇಪರ್ ಇದೆಯಲ್ಲ’ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಹೌದು, ಇದೆ. ಅದನ್ನೂ ನಾನು ಪಾಠ ಮಾಡಿದ್ದೇನೆ. ಅದರಲ್ಲಿ ಮಾಹಿತಿಯನ್ನು ಗುಟ್ಟಾಗಿಸುವ ಗೂಢಲಿಪಿಯ ವಿಧಾನಗಳಿವೆ: ಸೀಸರ್ ಸೈಫರ್ ಇದೆ, ಡಿಇಎಸ್‌ನ 16 ಸುತ್ತುಗಳ ಚಿತ್ರ ಇದೆ, ಆರ್‌ಎಸ್‌ಎ ಲೆಕ್ಕ ಇದೆ. ಮಕ್ಕಳು ಅದನ್ನೆಲ್ಲ ಬೈಹಾರ್ಟ್ ಮಾಡಿ ಬರೆಯುತ್ತಾರೆ. ಆದರೆ ತಾವೇ ಬರೆದ ಲಾಗಿನ್ ಪುಟದಲ್ಲಿ ಪಾಸ್‌ವರ್ಡನ್ನು ಹೇಗೆ ಇಡಬೇಕು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಸೈಫರ್ ಗಣಿತ ಬೇಡ ಎನ್ನುತ್ತಿಲ್ಲ, ನನಗೆ ಅದು ಇಷ್ಟದ ವಿಷಯವೇ. ಆದರೆ ಎರಡನೇ ವರ್ಷ ತಪ್ಪು ಕೋಡ್ ಕಲಿಸಿ, ಕೈಗೆ ಆ ಅಭ್ಯಾಸ ಕೂತ ಮೇಲೆ ನಾಲ್ಕನೇ ವರ್ಷ ‘ಸುರಕ್ಷತೆ’ ಎಂಬ ಬೇರೆ ಪುಸ್ತಕ ಕೊಟ್ಟರೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗುತ್ತದೆ. ಅದೂ ಎಲೆಕ್ಟಿವ್. ತಗೊಳ್ಳದವರಿಗೆ ಆ ಬಾಗಿಲೂ ಇಲ್ಲ.

ನಾನು ಕೇಳುವುದು ಒಂದೇ. ಸುರಕ್ಷತೆಯನ್ನು ಬೇರೆ ಪೇಪರ್ ಮಾಡುವ ಬದಲು ವೆಬ್ ಪ್ರೋಗ್ರಾಮಿಂಗ್ ಪಾಠದ ಒಳಗೇ ತನ್ನಿ. ಫಾರ್ಮ್ ಬರೆಯುವುದನ್ನು ಕಲಿಯುವ ದಿನವೇ ಆ ಫಾರ್ಮಿನೊಳಗೆ ಬೇಡದ್ದು ಬಂದರೆ ಏನು ಮಾಡಬೇಕು ಎಂದೂ ಕಲಿಯಲಿ.

ಇದು ಆಗದ ಕೆಲಸವೇನಲ್ಲ. ಹೋದ ವರ್ಷ ಸಿಲಬಸ್ ಮುಗಿದ ಮೇಲೆ ಉಳಿದ ನಾಲ್ಕು ಗಂಟೆಯಲ್ಲಿ ಒಂದು ಪ್ರಯೋಗ ಮಾಡಿದೆ. ಮಕ್ಕಳೆಲ್ಲ ಅಂಕಪಟ್ಟಿ ತೋರಿಸುವ ಪುಟವೊಂದನ್ನು ಬರೆದಿದ್ದರು. ಲಾಗಿನ್ ಆದರೆ ನಿಮ್ಮ ಅಂಕ ನಿಮಗೆ ಕಾಣುತ್ತದೆ. ಇಬ್ಬಿಬ್ಬರನ್ನು ಜೋಡಿ ಮಾಡಿ ಜಾಗ ಬದಲಾಯಿಸಿ ಕೂರಿಸಿದೆ. ಪಕ್ಕದವರ ಪುಟಕ್ಕೆ ನಿಮ್ಮದೇ ಹೆಸರಿನಲ್ಲಿ ಲಾಗಿನ್ ಆಗಿ, ಅವರ ಅಂಕ ನೋಡಲು ಆಗುತ್ತದಾ ನೋಡಿ ಎಂದೆ. ಐದು ನಿಮಿಷ ಲ್ಯಾಬ್ ನಿಶ್ಶಬ್ದ. ಆಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ‘ಅಯ್ಯೋ’ ಎಂದ. ಬ್ರೌಸರಿನ ಮೇಲ್ಗಡೆ ಕಾಣುವ ಪುಟದ ವಿಳಾಸದಲ್ಲಿ ರೋಲ್ ನಂಬರ್ 14 ಇತ್ತು. ಅದನ್ನು 15 ಮಾಡಿದ್ದ. ಗೆಳೆಯನ ಅಂಕಪಟ್ಟಿ ತೆರೆದುಕೊಂಡಿತ್ತು. 16 ಮಾಡಿದರೆ ಇನ್ನೊಬ್ಬರದು. ಹತ್ತು ನಿಮಿಷದೊಳಗೆ ಒಂದೊಂದೇ ಕಂಪ್ಯೂಟರಿನಿಂದ ಅದೇ ಉದ್ಗಾರ. ಲಾಗಿನ್ ಆಗಿದ್ದಾರಾ ಎಂದು ಎಲ್ಲರೂ ನೋಡಿದ್ದರು. ಈ ಅಂಕಪಟ್ಟಿ ಇವರದ್ದೇನಾ ಎಂದು ಒಬ್ಬರೂ ನೋಡಿರಲಿಲ್ಲ. ಆ ದಿನ ಬೆಲ್ ಆದರೂ ಯಾರೂ ಏಳಲಿಲ್ಲ. ತಮ್ಮ ತಮ್ಮ ಕೋಡ್ ಸರಿಮಾಡಿಕೊಂಡೇ ಹೋದರು. ಇಷ್ಟು ವರ್ಷದ ಪಾಠದಲ್ಲಿ ಅಂಥ ತರಗತಿ ನನಗೆ ಸಿಕ್ಕಿರುವುದು ಕಡಿಮೆ.

ಅಮೆರಿಕದ ಫಸ್ಟ್ ಅಮೆರಿಕನ್ ಎಂಬ, ಆಸ್ತಿಯ ಮಾಲೀಕತ್ವದ ಹಕ್ಕಿಗೆ ವಿಮೆ ಕೊಡುವ ಕಂಪನಿಯಲ್ಲಿ 2019ರಲ್ಲಿ ಸಿಕ್ಕಿಬಿದ್ದದ್ದೂ ಇದೇ ತಪ್ಪು. ಅಲ್ಲಿ ಲಾಗಿನ್ ಕೂಡ ಬೇಕಿರಲಿಲ್ಲ. ವಿಳಾಸದ ಒಂದು ಅಂಕಿ ಬದಲಾಯಿಸಿದರೆ ಬೇರೆಯವರ ದಾಖಲೆ. ಹಾಗೆ ತೆರೆದುಕೊಂಡಿದ್ದವು ಸುಮಾರು 88.5 ಕೋಟಿ ದಾಖಲೆಗಳು. ವೆಬ್ ಸುರಕ್ಷತೆಗೆಂದೇ 2001ರಿಂದ ದುಡಿಯುತ್ತಿರುವ ಒವಾಸ್ಪ್ ಎಂಬ ಲಾಭರಹಿತ ಸಂಸ್ಥೆ ಆಗಾಗ ಹತ್ತು ದೊಡ್ಡ ಅಪಾಯಗಳ ಪಟ್ಟಿ ಹೊರತರುತ್ತದೆ. ಯಾರಿಗೆ ಏನು ನೋಡಲು ಹಕ್ಕಿದೆ ಎಂಬುದನ್ನು ಸರಿಯಾಗಿ ಪರೀಕ್ಷಿಸದ ಈ ದೋಷ 2017ರ ಪಟ್ಟಿಯಲ್ಲಿ ಐದನೆಯದಾಗಿತ್ತು. 2021ರಲ್ಲಿ ಮೊದಲ ಸ್ಥಾನಕ್ಕೆ ಬಂತು.

ಈಗ ಮಕ್ಕಳು ಕೃತಕ ಬುದ್ಧಿಮತ್ತೆಯನ್ನು ಕೇಳಿ ಕೋಡ್ ಬರೆಸಿಕೊಳ್ಳುತ್ತಾರೆ. ಅದನ್ನು ತಡೆಯಲು ಆಗುವುದಿಲ್ಲ, ತಡೆಯಬೇಕು ಎಂದೂ ನನಗೆ ಅನಿಸುವುದಿಲ್ಲ. ಆದರೆ ಬಂದ ಕೋಡನ್ನು ಓದಿ ‘ಇಲ್ಲಿ ತೂತು ಇದೆ’ ಎಂದು ಹೇಳುವ ಕಣ್ಣು ಅವರಿಗೆ ಬೇಕಲ್ವಾ? ಅದನ್ನು ಕೊಡಬೇಕಾದವರು ನಾವು.

ಇನ್ನು ಒಂದು ಹೆದರಿಕೆಯ ಮಾತು. ಸಿಲಬಸ್ ನೋಡಿಕೊಳ್ಳುವ ಮಂಡಳಿಯ ಸಭೆಯೊಂದರಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು ‘ಮಕ್ಕಳಿಗೆ ಕಳ್ಳತನ ಕಲಿಸಬೇಕಾ ಮೇಡಂ?’ ಎಂದು ಕೇಳಿದರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಟಾಕ್‌ಟಾಕ್ ಪ್ರಕರಣದಲ್ಲಿ ಕೋರ್ಟಿನ ಮುಂದೆ ತಪ್ಪೊಪ್ಪಿಕೊಂಡವರಲ್ಲಿ ಒಬ್ಬನಿಗೆ 17 ವರ್ಷ. ಗೆಳೆಯರ ಮುಂದೆ ತೋರಿಸಿಕೊಳ್ಳಲು ಹಾಗೆ ಮಾಡಿದೆ ಎಂದು ಹೇಳಿದ. ಅವನಿಗೆ ಯಾವ ಕಾಲೇಜೂ ಅದನ್ನು ಕಲಿಸಿರಲಿಲ್ಲ. ಕುತೂಹಲ ಇರುವ ಮಕ್ಕಳು ಹೇಗೂ ಕಲಿಯುತ್ತಾರೆ. ನಮ್ಮ ಲ್ಯಾಬಿನಲ್ಲಿ ಕಲಿತರೆ ಅನುಮತಿ ಎಂದರೇನು, ಗೆರೆ ಎಲ್ಲಿದೆ, ದಾಟಿದರೆ ಯಾರಿಗೆ ನೋವಾಗುತ್ತದೆ ಎಂದು ಪಕ್ಕದಲ್ಲಿ ಕೂತು ಹೇಳುವವರು ಇರುತ್ತಾರೆ. ಒಬ್ಬರೇ ರಾತ್ರಿ ಕೂತು ಕಲಿತರೆ ಅದನ್ನು ಹೇಳುವವರು ಯಾರೂ ಇರುವುದಿಲ್ಲ.

ನೀವು ಮಾಡಬಹುದಾದ ಕೆಲಸಗಳಲ್ಲಿ ಮೊದಲನೆಯದು ಅಂಕ ಹಂಚಿಕೆ. ಸಿಲಬಸ್ ಬದಲಾಗಲು ವರ್ಷಗಳು ಹಿಡಿಯುತ್ತವೆ, ನನಗೆ ಗೊತ್ತು. ಆದರೆ ಪ್ರಾಕ್ಟಿಕಲ್ ಪರೀಕ್ಷೆಯ ಅಂಕ ಹಂಚಿಕೆ ಒಂದು ಸುತ್ತೋಲೆಯಲ್ಲಿ ಬದಲಾಗುತ್ತದೆ. ಈಗ ಔಟ್‌ಪುಟ್ ಬಂದರೆ ಅಂಕ. ಅದರಲ್ಲಿ ಐದು ಅಂಕವನ್ನು ಬೇರೆ ಇಡಿ. ಪರೀಕ್ಷಕರು ಮೂರೇ ಮೂರು ಕೆಲಸ ಮಾಡಲಿ. ಪಾಸ್‌ವರ್ಡ್ ಜಾಗದಲ್ಲಿ ಆ ಕೊಟೇಶನ್ ಗುರುತಿನ ತುಂಡು ಹಾಕಿ ನೋಡಲಿ. ಹೆಸರಿನ ಜಾಗದಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್, ಅಂದರೆ ಬ್ರೌಸರ್ ಓಡಿಸಬಲ್ಲ ಪುಟ್ಟ ಕೋಡ್, ಹಾಕಲಿ, ಅದು ಅಕ್ಷರವಾಗಿ ಕಾಣಿಸುತ್ತದೋ ಅಥವಾ ಓಡಿಬಿಡುತ್ತದೋ ನೋಡಲಿ. ವಿಳಾಸದಲ್ಲಿ ಒಂದು ಸಂಖ್ಯೆ ಬದಲಾಯಿಸಿ ನೋಡಲಿ. ಎರಡು ನಿಮಿಷದ ಕೆಲಸ. ಪರೀಕ್ಷೆಯಲ್ಲಿ ಕೇಳುತ್ತಾರೆ ಎಂದಾದರೆ ಪಾಠವೂ ಬದಲಾಗುತ್ತದೆ, ಮ್ಯಾನುಯಲ್ಲೂ ಬದಲಾಗುತ್ತದೆ. ಇದು ಪಾಠ ಮಾಡುವವರೆಲ್ಲ ಬಲ್ಲ ಸತ್ಯ.

ಲ್ಯಾಬಿಗೆ ಜಾಸ್ತಿ ದುಡ್ಡು ಬೇಡ. ವೆಬ್‌ಗೋಟ್, ಜ್ಯೂಸ್ ಶಾಪ್, ಡಿವಿಡಬ್ಲ್ಯೂಎ ಮುಂತಾದ, ಬೇಕೆಂದೇ ತೂತು ಬಿಟ್ಟು ಮಾಡಿದ ಅಭ್ಯಾಸದ ವೆಬ್‌ಸೈಟುಗಳು ಉಚಿತವಾಗಿವೆ. ಸಾಧಾರಣ ಕಂಪ್ಯೂಟರಿನಲ್ಲೇ ಓಡುತ್ತವೆ. ಬೇಕಿರುವುದು ಹೊರಗಿನ ಇಂಟರ್‌ನೆಟ್ಟಿಗೆ ಸೇರದ ಒಂದು ಪ್ರತ್ಯೇಕ ನೆಟ್‌ವರ್ಕ್, ಮತ್ತು ‘ಈ ಲ್ಯಾಬಿನೊಳಗೆ ಹೀಗೆ ಪರೀಕ್ಷಿಸಲು ಅನುಮತಿ ಇದೆ’ ಎಂಬ ಲಿಖಿತ ಆದೇಶ. ಆ ಕಾಗದ ಇಲ್ಲದೆ ಎಷ್ಟೋ ಅಧ್ಯಾಪಕರು ಈ ವಿಷಯ ಮುಟ್ಟಲೇ ಅಂಜುತ್ತಾರೆ. ಅಧ್ಯಾಪಕರಿಗೆ ತರಬೇತಿಯೂ ಬೇಕು. ಭಾಷಣ ಕೇಳಿ ಪ್ರಮಾಣಪತ್ರ ತರುವ ಬಗೆಯದ್ದಲ್ಲ. ಎರಡು ವಾರ ಕೀಬೋರ್ಡ್ ಮುಂದೆ ಕೂತು ತಾವೇ ಬರೆದ ಕೋಡನ್ನು ತಾವೇ ಮುರಿದು ನೋಡುವಂಥದ್ದು.

ಕೊನೆಯದಾಗಿ ಒಂದು ಬೇಡಿಕೆ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಒಂದು ಸಂಸ್ಥೆಯ ಅರ್ಜಿ ಪೋರ್ಟಲ್‌ನಲ್ಲಿ ತನ್ನ ಅರ್ಜಿ ನೋಡುವಾಗ ಬೇರೆಯವರ ಅರ್ಜಿಯೂ ಕಾಣುತ್ತಿರುವುದನ್ನು ಗಮನಿಸಿದ. ಒಳ್ಳೆಯ ಮನಸ್ಸಿನಿಂದ ಅಲ್ಲಿಗೆ ತಿಳಿಸಿದ. ಬಂದ ಉತ್ತರ ಬೆದರಿಕೆಯ ಧಾಟಿಯಲ್ಲಿತ್ತು. ಹುಡುಗ ಹೆದರಿ ಒಂದು ವಾರ ಕಾಲೇಜಿಗೇ ಬರಲಿಲ್ಲ. ದೋಷ ಕಂಡವರು ಯಾರಿಗೆ ಹೇಳಬೇಕು ಎಂದು ವೆಬ್‌ಸೈಟಿನಲ್ಲೇ ತಿಳಿಸಲು ಸೆಕ್ಯುರಿಟಿ ಡಾಟ್ ಟೆಕ್ಸ್ಟ್ ಎಂಬ ಪುಟ್ಟ ಫೈಲ್ ಇದೆ. 2022ರಲ್ಲಿ ಅದರ ನಮೂನೆ ಅಧಿಕೃತವಾಗಿ ಪ್ರಕಟವಾಗಿದೆ. ನಿಮ್ಮ ಇಲಾಖೆಯ ಪ್ರತಿ ವೆಬ್‌ಸೈಟಿನಲ್ಲೂ ಅದನ್ನು ಹಾಕಿಸಿ. ಪ್ರಾಮಾಣಿಕವಾಗಿ ತಿಳಿಸಿದ ವಿದ್ಯಾರ್ಥಿಯ ಮೇಲೆ ಕ್ರಮ ಇಲ್ಲ ಎಂದು ಅದರ ಜೊತೆಗೇ ಬರೆಸಿ.

ಮುಂದಿನ ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನೂ ಸಮಯ ಇದೆ. ಐದು ಅಂಕದ ಆ ಸುತ್ತೋಲೆಯ ಕರಡನ್ನು, ಹೊಸದಾಗಿ ಬರೆದ ಏಳನೇ ಪ್ರೋಗ್ರಾಮಿನ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಎರಡೂ ಸೇರಿ ಮೂರು ಪುಟ. ದಯವಿಟ್ಟು ಓದಿ.

ಇಂತಿ ನಮಸ್ಕಾರಗಳೊಂದಿಗೆ,
ವೆಬ್ ಪ್ರೋಗ್ರಾಮಿಂಗ್ ಪಾಠ ಮಾಡುವ ಒಬ್ಬ ಅಧ್ಯಾಪಕಿ