ಆನೆ ಹೋದ ಮೇಲೆ ಏಣಿ ಇಳಿದೆವು

ಹುಬ್ಬಳ್ಳಿ

ಪ್ರಿಯ ಶಿವು,

ನಮ್ಮ ಆಫ್ರಿಕಾ ಪ್ರವಾಸಕ್ಕೆ ಟಿಕೆಟ್ ತೆಗೆಸುವ ದಿನವೇ ಹಿಂದೆ ಸರಿದವನು ನೀನು. "ಆನೆ ನೋಡಲು ನಾಗರಹೊಳೆ ಸಾಲದೇನೋ?" ಎಂದು ಬೇರೆ ಕೇಳಿದ್ದೆ. ಹೋಗಿಬಂದಿದ್ದೇನೆ, ಈಗ ಉತ್ತರ ಕೊಡುತ್ತೇನೆ.

ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಬಾಡಿಗೆಗೆ ಸಿಕ್ಕಿದ್ದು ನೆತ್ತಿಯ ಮೇಲೆ ಎರಡು ಟೆಂಟ್ ಮಡಚಿಟ್ಟ ಟೊಯೋಟಾ ಪಿಕಪ್. ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ, ಅಷ್ಟು ಪುಣ್ಯ. ಡಾಂಬರು ಮುಗಿದು ಜಲ್ಲಿರಸ್ತೆ ಶುರುವಾದ ಕೂಡಲೇ ಅಪ್ಪ ಗಾಡಿ ನಿಲ್ಲಿಸಲು ಹೇಳಿದರು. ಅರಬೈಲ್ ಘಟ್ಟದಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು. ತಗಡಿನ ಶೀಟಿನಂತೆ ಅಲೆಯಲೆಯಾಗಿದ್ದ ಆ ರಸ್ತೆಯನ್ನು ನೋಡಿ, "ಗಾಳಿ ಇಳಿಸು, ಎಂಬತ್ತು ದಾಟಬೇಡ" ಎಂದರು. ನಾನು ಗಾಳಿ ಇಳಿಸಿದೆ, ಎಂಬತ್ತು ಮಾತ್ರ ದಾಟಿದೆ. ಸಾಲಿಟೇರ್ ಎಂಬ ಪುಟ್ಟ ಊರು ಇನ್ನೂ ದೂರವಿರುವಾಗ ಹಿಂದಿನ ಟೈರು ಚಿಂದಿಯಾಯಿತು. ಸ್ಟೆಪ್ನಿ ಹಾಕುವವರೆಗೂ ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಮೀಬ್ ಮರುಭೂಮಿಯ ಸೆಸ್ರಿಮ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಗೇಟಿನ ಒಳಗಿನ ಶಿಬಿರದಲ್ಲೇ ಉಳಿದುಕೊಳ್ಳಬೇಕು, ನೆನಪಿಟ್ಟುಕೋ. ಒಳಗಿದ್ದವರನ್ನು ಸೂರ್ಯ ಹುಟ್ಟುವ ಮೊದಲೇ ಬಿಡುತ್ತಾರೆ. ಕೊನೆಯ 5 ಕಿಲೋಮೀಟರ್ ಬರೀ ಮರಳು. ಅದನ್ನು ದಾಟಿ ನಡೆದು ಹೋದರೆ ಡೆಡ್‌ವ್ಲೇ: ಬಿಳಿ ಜೇಡಿಯ ನೆಲ, ಸುತ್ತ ಕೆಂಪು ದಿಬ್ಬ, ನಡುವೆ ಕರಕಲಾದಂತೆ ನಿಂತ ಜಾಲಿಮರಗಳು. ಸತ್ತು ಆರೇಳು ನೂರು ವರ್ಷವಾಗಿದೆ. ಅಂದರೆ ವಿಜಯನಗರದ ಆರಂಭದ ಕಾಲದವು. ಕೊಳೆಯಲೂ ಅಲ್ಲಿ ತೇವವಿಲ್ಲ. ಮಗಳು ಒಂದನ್ನು ಮುಟ್ಟಲು ಕೈ ಚಾಚಿ, ಯಾರೂ ಬೇಡವೆನ್ನದಿದ್ದರೂ ತಾನೇ ಹಿಂದಕ್ಕೆ ಎಳೆದುಕೊಂಡಳು.

ಎಟೋಶಾ ರಾಷ್ಟ್ರೀಯ ಉದ್ಯಾನದ ಒಕಾಕುಯೆಯೋ ಶಿಬಿರದಲ್ಲಿ ಬೇಲಿಯಾಚೆ ಒಂದು ನೀರಿನ ಹೊಂಡವಿದೆ, ರಾತ್ರಿಯೆಲ್ಲ ಮಂದ ದೀಪ ಉರಿಯುತ್ತದೆ. ಅಲ್ಲಿ ಮೇ ತಿಂಗಳೆಂದರೆ ಚಳಿ. ಅಪ್ಪ ಕಂಬಳಿ ಹೊದ್ದು ಬೆಂಚಿನಲ್ಲಿ ಕುಳಿತವರು ಏಳಲಿಲ್ಲ. ಹನ್ನೆರಡು ದಾಟಿದ ಮೇಲೆ ಕಪ್ಪು ಘೇಂಡಾಮೃಗವೊಂದು ಮರಿಯೊಂದಿಗೆ ಬಂತು. ನೀರು ಹೀರುವ ಸದ್ದು ನಮಗೆ ಕೇಳಿಸುತ್ತಿತ್ತು. ಎಪ್ಪತ್ತರ ಅಪ್ಪ ನನ್ನ ಮೊಣಕೈ ಹಿಡಿದುಕೊಂಡಿದ್ದರು, ಜಾತ್ರೆಯಲ್ಲಿ ನಾನು ಅವರದನ್ನು ಹಿಡಿಯುತ್ತಿದ್ದ ಹಾಗೆ.

ಬೋಟ್ಸ್ವಾನಾ ಗಡಿಯಲ್ಲಿ ಕಾಲುಬಾಯಿ ರೋಗದ ಭಯ. ಚಪ್ಪಲಿ, ಬೂಟನ್ನೆಲ್ಲ ಔಷಧದ ನೀರಿನಲ್ಲಿ ಅದ್ದಿಸಿದರು, ಮಾಂಸವಿದೆಯೇ ಎಂದು ಡಬ್ಬಿಗಳನ್ನು ತೆರೆಸಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಟ್ಟರೆ ನಮ್ಮ ಬಳಿ ಏನಿತ್ತು? ಅಧಿಕಾರಿ ಒಂದು ರೊಟ್ಟಿ ಮುರಿದು ನೋಡಿ, ನಕ್ಕು, ಡಬ್ಬಿ ಮುಚ್ಚಿದ.

ನಿನ್ನ ಪ್ರಶ್ನೆಗೆ ಉತ್ತರ ಚೋಬೆ ನದಿಯ ದಂಡೆಯಲ್ಲಿದೆ. ಇಹಾಹಾ ಶಿಬಿರಕ್ಕೆ ಬೇಲಿಯಿಲ್ಲ. ಸುಮಾರು 1,30,000 ಆನೆಗಳಿರುವ ದೇಶ ಅದು. ನಾಗರಹೊಳೆಯಲ್ಲಿ ಜೀಪಿನಲ್ಲಿ ಕುಳಿತು ನೋಡಿ ಹಿಂದಿರುಗುತ್ತೇವೆ. ಇಲ್ಲಿ ಅವುಗಳ ದಾರಿಯಲ್ಲೇ ಅಡುಗೆ ಮಾಡಿ ಮಲಗಬೇಕು. ಆ ರಾತ್ರಿ ಮಗನಿಗೆ ಮೂತ್ರದ ಅವಸರ. ಟೆಂಟಿನ ಜಿಪ್ ಅರ್ಧ ತೆರೆದು ಏಣಿಗೆ ಕಾಲಿಡಬೇಕು, ಅಷ್ಟರಲ್ಲಿ ಕೊಂಬೆ ಮುರಿದ ಸದ್ದು. ಹೆಜ್ಜೆಯ ಸದ್ದೇ ಇಲ್ಲ, ಹೊಟ್ಟೆಯ ಗುಡುಗುಡು ಮಾತ್ರ. ಬೆಳದಿಂಗಳಲ್ಲಿ ಅದರ ಬೆನ್ನು ನಮ್ಮ ಹಾಸಿಗೆಗಿಂತ ಎತ್ತರದಲ್ಲಿತ್ತು. ಮುಕ್ಕಾಲು ಗಂಟೆ ನಾಲ್ವರೂ ಉಸಿರು ಬಿಗಿಹಿಡಿದಿದ್ದೆವು. ಮಗ ಕೊನೆಗೆ ನೀರಿನ ಬಾಟಲಿಯನ್ನೇ ಆಶ್ರಯಿಸಿದ. ಪಕ್ಕದ ಟೆಂಟಿನಲ್ಲಿ ಅಪ್ಪನ ಗೊರಕೆ ಒಂದು ಕ್ಷಣವೂ ನಿಲ್ಲಲಿಲ್ಲ.

ವಿಕ್ಟೋರಿಯಾ ಜಲಪಾತದ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಸರಿಯಾಗಿ ಕಾಣಲೇ ಇಲ್ಲ. ಜಾಂಬೆಜಿ ನದಿ ತುಂಬಿ ಹರಿಯುವ ಕಾಲ, ತುಂತುರಿನಲ್ಲಿ ಒಳಉಡುಪಿನವರೆಗೂ ನೆನೆದೆವು. 108 ಮೀಟರ್ ಎತ್ತರವೆಂದಾಗ ಅಪ್ಪ, "ನಮ್ಮ ಜೋಗದ ಅರ್ಧವೂ ಇಲ್ಲ" ಎಂದರು. ಅಗಲ 1,708 ಮೀಟರ್ ಎಂದೆ. ಅದಕ್ಕೆ ಉತ್ತರ ಬರಲಿಲ್ಲ.

ಫೋಟೊ ಕಳುಹಿಸುವುದಿಲ್ಲ, ಭಾನುವಾರ ಮನೆಗೆ ಬಾ. ಟೈರಿನ ಸುದ್ದಿಯನ್ನು ಮಾತ್ರ ಅಪ್ಪನ ಮುಂದೆ ಎತ್ತಬೇಡ, ಊಟ ತಣ್ಣಗಾಗುತ್ತದೆ.

ನಿನ್ನವ,
ರವಿ