ಕಪಾಟಿಗೆ ಬೀಗ ಹಾಕುವುದಿಲ್ಲ

ಉಡುಪಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಅಮ್ಮ ಮಂಗಳೂರಿನಿಂದ ಫೋನ್ ಮಾಡಿದ್ದಳು. ರಜೆ ಮುಗಿಸಿ ಇಲ್ಲಿಂದ ಹೊರಡುವಾಗ ನೀನು 'ಮೂಕಜ್ಜಿಯ ಕನಸುಗಳು' ಚೀಲದೊಳಗೆ ಹಾಕಿಕೊಂಡು ಹೋದೆಯಂತೆ. ಅದನ್ನು ಗಣಿತ ಪುಸ್ತಕದ ಒಳಗಿಟ್ಟು ಓದುವಾಗ ಸಿಕ್ಕಿಬಿದ್ದೆಯಂತೆ. "ಏಳನೇ ಕ್ಲಾಸಿನ ಹುಡುಗಿ ಓದುವ ಪುಸ್ತಕವಾ ಅದು? ನಿನ್ನ ಕಪಾಟಿಗೊಂದು ಬೀಗ ಹಾಕಕ್ಕಾ" ಅಂತ ನನಗೇ ಬೈಗುಳ. ಬೀಗ ಹಾಕುವುದಿಲ್ಲ, ಹೆದರಬೇಡ. ಆದರೆ ನಿನ್ನ ಹತ್ತಿರ ನಾಲ್ಕು ಮಾತು ಹೇಳಲಿಕ್ಕುಂಟು.

ಅಮ್ಮನ ಭಯ ಏನೆಂದು ನಿನಗೂ ಗೊತ್ತು. ಗಂಡು ಹೆಣ್ಣಿನ ಸಂಗತಿಯನ್ನು ಆ ಅಜ್ಜಿ ಮುಚ್ಚುಮರೆ ಇಲ್ಲದೆ ಮಾತಾಡುತ್ತಾಳೆ. ದೇವರನ್ನೂ ಬಿಡುವುದಿಲ್ಲ. ನಮ್ಮ ಕೋಟದ ಕಾರಂತರು 1968ರಲ್ಲಿ ಅದನ್ನು ಹೊರತಂದದ್ದು ಮಕ್ಕಳಿಗೆಂದು ಅಲ್ಲ. ಮಕ್ಕಳಿಗೆ ಬರೆಯಬೇಕು ಅನಿಸಿದಾಗ ಅವರು 'ಬಾಲಪ್ರಪಂಚ' ಬರೆದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ನಾಟಕ ಆಡಿಸಿದರು. ಯಾವುದು ಯಾರಿಗೆ ಎಂದು ಚೆನ್ನಾಗಿ ಗೊತ್ತಿದ್ದವರು ಅವರು. ಹಾಗಾಗಿ ಇದು ದೊಡ್ಡವರ ಪುಸ್ತಕ ಎಂದು ಅಮ್ಮ ಹೇಳಿದರೆ ಅದು ಸುಳ್ಳಲ್ಲ.

ಆದರೆ ಒಂದು ಯೋಚನೆ ಮಾಡು. ಮೂಕಜ್ಜಿ ಬಾಲ್ಯದಲ್ಲೇ ವಿಧವೆಯಾದವಳು. ನಿನ್ನ ವಯಸ್ಸಿಗೆ ಓದಬಾರದು ಎನ್ನುವ ಸಂಗತಿಗಳು ಅವಳಿಗೆ ಸಣ್ಣ ವಯಸ್ಸಿನಲ್ಲೇ ತಲೆಯ ಮೇಲೆ ಬಂದು ಬಿದ್ದವು. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯಲ್ಲಿಯೂ ಎಳೆಯ ವಿಧವೆಯದೇ ಕತೆ. ಆ ಕಾಲದ ಹುಡುಗಿಯರ ವಯಸ್ಸನ್ನು ಯಾರೂ ಕೇಳಲಿಲ್ಲ. ನಿನ್ನ ವಯಸ್ಸನ್ನು ಕೇಳುವವರು ಇದ್ದಾರಲ್ಲ, ಅಷ್ಟಕ್ಕಾದರೂ ಅಮ್ಮನ ಮೇಲೆ ಸಿಟ್ಟು ಮಾಡಬೇಡ.

ನಾನು ನಿನ್ನ ಪ್ರಾಯದಲ್ಲಿ 'ಚೋಮನ ದುಡಿ' ಓದಿದೆ. ಅದೂ ಕಾರಂತರದೇ, 1933ರದ್ದು. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆ ಅಂತ ಅವನನ್ನು ಎತ್ತದೆ ಜನ ನೋಡುತ್ತಾ ನಿಂತರಲ್ಲ, ಆ ಪುಟ ಓದಿ ಊಟ ಬಿಟ್ಟಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಆದರೆ ಕಾಫಿ ತೋಟದಲ್ಲಿ ಚೋಮನ ಮಗಳು ಬೆಳ್ಳಿಗೆ ಏನಾಯಿತು? ಅದು ನನಗೆ ಅರ್ಥವೇ ಆಗಲಿಲ್ಲ. ಸಾಲ ತೀರಿಸಲಿಕ್ಕೆ ಕೆಲಸಕ್ಕೆ ಹೋದಳು, ಬಂದಳು, ಅಷ್ಟೇ. ಮತ್ತೆ ಕಾಲೇಜಿಗೆ ಬಂದ ಮೇಲೆ ಓದಿದಾಗ ಅಲ್ಲೇ ಪುಸ್ತಕ ಮುಚ್ಚಿ ಕೂತುಬಿಟ್ಟೆ. ಹೀಗೆ ದೊಡ್ಡವರು ಹೆದರುವ ಪುಟಗಳನ್ನು ಮಕ್ಕಳು ಎಷ್ಟೋ ಸಲ ಸುಮ್ನೆ ದಾಟಿ ಹೋಗುತ್ತಾರೆ. ಮಕ್ಕಳ ಮನಸ್ಸಿಗೆ ನಾಟುವುದು ಕ್ರೌರ್ಯ, ಸಾವು, ಅನ್ಯಾಯ. ಅಮ್ಮಂದಿರು ಪುಸ್ತಕ ತಿರುವಿ ನೋಡುವಾಗ ಆ ಪುಟಗಳನ್ನು ನೋಡುವುದೇ ಇಲ್ಲ. ಇದನ್ನು ನಿನ್ನ ಅಮ್ಮನಿಗೂ ಹೇಳಿದೆ. ಅವಳು ಒಪ್ಪಲಿಲ್ಲ, ಇರಲಿ.

ಅವಳು ಮರೆತ ಇನ್ನೊಂದು ವಿಷಯ ಉಂಟು. ನಾವು ಸಣ್ಣವರಿರುವಾಗ ಗದ್ದೆಯಲ್ಲಿ ಆಟ ಇದೆ ಎಂದರೆ ಚಾಪೆ ಸಮೇತ ಹೋಗುತ್ತಿದ್ದೆವು. ಬೆಳಗಿನವರೆಗೆ ಯಕ್ಷಗಾನ. ಕೀಚಕವಧೆ ಪ್ರಸಂಗದಲ್ಲಿ ಕೀಚಕ ಸೈರಂಧ್ರಿಯ ಹಿಂದೆ ಬೀಳುವುದನ್ನು ಊರಿನ ಮಕ್ಕಳೆಲ್ಲ ಎದುರಿಗೇ ಕೂತು ನೋಡಿದ್ದೇವೆ. ನಿನ್ನ ಅಮ್ಮನಂತೂ ಅಜ್ಜಿಯ ಮಡಿಲಲ್ಲಿ ಕೂತು ನೋಡಿದವಳು! ಹಾಸ್ಯಗಾರ ಆಡುತ್ತಿದ್ದ ಮಾತುಗಳನ್ನು ಈಗ ಇಲ್ಲಿ ಬರೆಯಲಿಕ್ಕೆ ನನಗೇ ನಾಚಿಕೆ. ಮಕ್ಕಳು ಇದನ್ನು ನೋಡಬಾರದು ಅಂತ ಯಾರೂ ಎಬ್ಬಿಸಿ ಕಳಿಸಲಿಲ್ಲ. ಬೆಳಿಗ್ಗೆ ಗದ್ದೆಯ ಹುಣಿಯ ಮೇಲೆ ನಡೆದು ಮನೆಗೆ ಬರುವಾಗ "ಅವನು ಯಾಕೆ ಹಾಗೆ ಮಾಡಿದ?" ಅಂತ ಅಜ್ಜಿಯನ್ನು ಕೇಳುತ್ತಿದ್ದೆವು. "ಅಧಿಕಾರ ಇತ್ತು, ಬುದ್ಧಿ ಇರಲಿಲ್ಲ. ಅದಕ್ಕೇ ಭೀಮ ಕೊಂದ" ಅನ್ನುತ್ತಿದ್ದಳು. ನಮಗೆ ಅಷ್ಟು ಸಾಕಿತ್ತು.

ನಾನು ಹೇಳಬೇಕೆಂದಿದ್ದದ್ದು ಇದೇ. ಆಟದ ಕತೆಯೂ ದೊಡ್ಡವರದ್ದೇ. ಆದರೆ ಅಲ್ಲಿ ಪಕ್ಕದಲ್ಲಿ ಜನ ಇದ್ದರು, ದಾರಿಯಲ್ಲಿ ಕೇಳಲಿಕ್ಕೆ ಅಜ್ಜಿ ಇದ್ದಳು. ಪುಸ್ತಕವನ್ನು ನೀನು ಒಬ್ಬಳೇ ಓದುತ್ತೀ. ಕದ್ದು ಓದಿದರಂತೂ ಕೇಳುವ ಬಾಯಿಯನ್ನು ನೀನೇ ಕಟ್ಟಿಕೊಂಡ ಹಾಗೆ. ಅರ್ಥವಾಗದ್ದಕ್ಕೆ ನೀನೇ ಒಂದು ಅರ್ಥ ಹಚ್ಚುತ್ತೀ, ಇಲ್ಲವೇ ಕ್ಲಾಸಿನ ಯಾವುದೋ ಅರೆಬರೆ ಗೊತ್ತಿರುವ ಹುಡುಗಿಯನ್ನು ಕೇಳುತ್ತೀ. ಮಲ್ಪೆಗೆ ಹೋದಾಗ ನೀರಿಗೆ ಇಳಿಯಬೇಡ ಅಂತ ನಾವು ಹೇಳುತ್ತೇವಾ? ಒಬ್ಬಳೇ ಇಳಿಯಬೇಡ ಅನ್ನುತ್ತೇವೆ, ಅಲ್ವಾ?

ಹಾಗಾಗಿ ಇನ್ನು ಮೇಲೆ ಮೇಜಿನ ಮೇಲೇ ಇಟ್ಟು ಓದು. ಅಮ್ಮನನ್ನು ಕೇಳಲಿಕ್ಕೆ ನಾಚಿಕೆಯಾದರೆ ನನಗೆ ಫೋನ್ ಮಾಡು. ಇಂಥದ್ದು ಕೇಳಬಾರದು ಅಂತ ನಾನು ಹೇಳುವುದಿಲ್ಲ. ಮನಸ್ಸಿಗೆ ಭಾರ ಅನಿಸಿದರೆ ಅರ್ಧಕ್ಕೇ ನಿಲ್ಲಿಸು. ಪೂರ್ತಿ ಓದಲೇಬೇಕು ಅಂತ ಹಠ ಬೇಡ, ಅದೇನು ಪರೀಕ್ಷೆಯಲ್ಲ. ಓದಿ ಮುಗಿಸಿದೆ ಅಂತ ಗೆಳತಿಯರ ಎದುರು ಜಂಬ ಕೊಚ್ಚುವುದೂ ಬೇಡ. ದೊಡ್ಡವರ ಪುಸ್ತಕ ಓದಿದ ಮಾತ್ರಕ್ಕೆ ದೊಡ್ಡವರ ಕಷ್ಟ ಗೊತ್ತಾಯಿತು ಅಂತ ಅಂದುಕೊಳ್ಳುವ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಮಾತು ಕೇಳುವುದೇ ಒಂದು ಶಿಕ್ಷೆ.

ಫೋನಿನಲ್ಲಿ ಬರುವ ಕತೆಗಳ ವಿಷಯದಲ್ಲಿ ನಾನು ನಿನ್ನ ಅಮ್ಮನ ಪಕ್ಷ. ಅಲ್ಲಿ ಯಾರು ಬರೆದರು, ಯಾಕೆ ಬರೆದರು ಒಂದೂ ತಿಳಿಯುವುದಿಲ್ಲ.

ಹ್ಞಾಂ, 'ಸಂಸ್ಕಾರ' ಬೇಕು ಅಂತ ಹೋದ ತಿಂಗಳು ಕೇಳಿದ್ದೆಯಲ್ಲ. ಅದನ್ನು ಈಗ ಕೊಡುವುದಿಲ್ಲ. ಅಮ್ಮ ಅಂದುಕೊಂಡ ಕಾರಣಕ್ಕಲ್ಲ. ಅಗ್ರಹಾರದಲ್ಲಿ ಒಬ್ಬ ಸತ್ತಿದ್ದಾನೆ, ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಯಿಂದ ಶುರುವಾಗಿ, ಕಡೆಗೆ ಒಬ್ಬ ನಡುವಯಸ್ಸಿನ ಪಂಡಿತರ ಒಳಗಿನ ಒದ್ದಾಟವೇ ಅದರಲ್ಲಿ ಜಾಸ್ತಿ. ಈಗ ಓದಿದರೆ ನಿನಗೆ ಬೋರಾಗುತ್ತದೆ. ಒಮ್ಮೆ ಬೋರು ಅಂತ ಇಟ್ಟ ಪುಸ್ತಕವನ್ನು ಮತ್ತೆ ಯಾರೂ ತೆಗೆಯುವುದಿಲ್ಲ. ಹತ್ತನೇ ಕ್ಲಾಸು ಮುಗಿಯಲಿ, ಆಮೇಲೆ ಕೇಳು.

ಮೂಕಜ್ಜಿಯನ್ನು ಮಾತ್ರ ದೀಪಾವಳಿಗೆ ಬರುವಾಗ ಮರೆಯದೆ ತಾ. ಅದು ನನ್ನ ಹಳೆಯ ಪ್ರತಿ, ರಟ್ಟು ಕಿತ್ತುಹೋಗಿದೆ, ಪುಟ ಮಡಚಬೇಡ. ಈ ಪತ್ರವನ್ನು ಅಮ್ಮನಿಗೂ ಓದಲಿಕ್ಕೆ ಕೊಡು.

ಇತಿ ನಿನ್ನ
ದೊಡ್ಡಮ್ಮ