ಸನ್ನಿಸೈಡಿಗೆ ಹೊರಡುವ ಮುಂಚೆ

ಮುಳ್ಳೇರಿಯ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಪಟ್ಟಿ ನನ್ನ ತಲೆಯಿಂದ ಹೋಗಲೇ ಇಲ್ಲ. ಒಂದೇ ದಿನದಲ್ಲಿ ಮಡಿಕೇರಿಯ ಸನ್ನಿಸೈಡು, ಕೋಟೆ, ಅಬ್ಬಿ ಜಲಪಾತ, ರಾಜಾಸೀಟು, ಸಮಯ ಉಳಿದರೆ ದುಬಾರೆಯ ಆನೆ! ಆದೂರು, ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿ ಮುಟ್ಟಲಿಕ್ಕೇ ಇಲ್ಲಿಂದ ಮೂರು ಗಂಟೆ ಹಿಡಿಯುತ್ತದೆ. ಅಬ್ಬಿ, ದುಬಾರೆ ಎರಡನ್ನೂ ಇನ್ನೊಂದು ರಜೆಗೆ ಇಟ್ಟುಕೋ. ಸನ್ನಿಸೈಡಿಗೆ ಮೊದಲು ಹೋಗು, ಮಕ್ಕಳು ದಣಿಯುವ ಮುಂಚೆ.

ಅದು ಜನರಲ್ ತಿಮ್ಮಯ್ಯನವರ ಮನೆ. ಬಹಳ ಕಾಲ ಅಲ್ಲಿ ಆರ್‌ಟಿಒ ಕಚೇರಿ ಇತ್ತು, 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಹೊರಗೆ ಯುದ್ಧಸ್ಮಾರಕ, ಟ್ಯಾಂಕು, ಮಿಗ್-21 ವಿಮಾನ ಇವೆ. ಮಕ್ಕಳು ಇಳಿದ ಕೂಡಲೇ ಟ್ಯಾಂಕಿನ ಹತ್ತಿರ ಓಡುತ್ತಾರೆ. ಓಡಲಿ. ಅಲ್ಲೇ ನಿಲ್ಲಿಸಿಕೊಂಡು, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ ನಡೆದ ಜೋಜಿಲಾದ ಕತೆ ಹೇಳು. ಟ್ಯಾಂಕುಗಳ ಮೇಲಿನ ತೋಪಿನ ಭಾಗ ಕಳಚಿ, ಯಾರಿಗೂ ಸುಳಿವು ಸಿಗದ ಹಾಗೆ ಬಾಲ್ತಾಲಿನವರೆಗೆ ಸಾಗಿಸಿ, 11,000 ಅಡಿಗೂ ಎತ್ತರದ ಆ ಹಿಮದ ಕಣಿವೆಗೆ ಹತ್ತಿಸಿದ್ದು 1948ರ ನವೆಂಬರ್ 1ರಂದು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯ ತಾವೇ ಇದ್ದರು. (ನಮ್ಮ ಕಾಸರಗೋಡಿನವರಿಗೆ ನವೆಂಬರ್ 1 ಎಂದರೆ 1956ರಲ್ಲಿ ಊರು ಕೇರಳಕ್ಕೆ ಸೇರಿದ್ದೇ ನೆನಪು. ಹಾಗಾಗಿ ಈ ತಾರೀಕು ನನಗೆ ಮರೆಯುವುದಿಲ್ಲ.)

ಕತೆ ಕೇಳಿದ ಮೇಲೆ ನಿನ್ನ ದೊಡ್ಡವ ಕೇಳಿಯೇ ಕೇಳುತ್ತಾನೆ, "ಇವರು ಎಷ್ಟು ಜನರನ್ನು ಕೊಂದರು?" ಅಂತ. ಸಣ್ಣವಳು, ಸತ್ತವರ ಮಕ್ಕಳನ್ನು ಯಾರು ನೋಡಿಕೊಂಡರು ಅಂತ ಕೇಳಿಯಾಳು. ಆಗ ಬಾಯಿ ಮುಚ್ಚಿಸಬೇಡ ಮಗಾ. ಇದೊಂದನ್ನು ಹೇಳಲಿಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ನಾನು ಬಾಯಿ ಮುಚ್ಚಿಸಿದವಳು. ಶಾಲೆಯಲ್ಲಿದ್ದಾಗ ಮಕ್ಕಳನ್ನು ಮಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಕದ್ರಿಯ ಯುದ್ಧಸ್ಮಾರಕದ ಎದುರು ಸಾಲಾಗಿ ನಿಲ್ಲಿಸಿದ್ದೆ. ಬಸ್ಸಿನವ ಹಾರ್ನ್ ಹಾಕುತ್ತಿದ್ದ, ಇನ್ನೂ ಎರಡು ಜಾಗ ನೋಡಲಿಕ್ಕಿತ್ತು. ಐದನೇ ಕ್ಲಾಸಿನ ಒಬ್ಬ ಹುಡುಗ ನನ್ನ ಸೆರಗು ಜಗ್ಗಿ ಕೇಳಿದ, "ಟೀಚರೇ, ನನ್ನ ಅಪ್ಪ ಸತ್ತರೆ ಇಲ್ಲಿ ಹೂ ಇಡುತ್ತಾರಾ?" ಅವನ ಅಪ್ಪ ಆಗ ಗಡಿಯಲ್ಲಿ ಡ್ಯೂಟಿಯಲ್ಲಿದ್ದರು. "ಥೂ, ಕೆಟ್ಟ ಮಾತು ಆಡಬೇಡ, ಹೋಗು ಬಸ್ ಹತ್ತು" ಅಂದುಬಿಟ್ಟೆ. ಅವನ ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಚುಕಿದ, ಪುಡಿ ಬೆರಳ ಸಂದಿಯಿಂದ ಉದುರಿತು. ಊರು ಮುಟ್ಟುವವರೆಗೂ ಅವನು ಮಾತಾಡಲಿಲ್ಲ. ಅವನ ಅಪ್ಪ ಸುಖವಾಗಿ ನಿವೃತ್ತರಾಗಿ ಬಂದು ಈಗ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಆದರೆ ಆ ಮಗು ಅಷ್ಟು ದೊಡ್ಡ ಹೆದರಿಕೆಯನ್ನು ನನ್ನ ಹತ್ತಿರ ತಂದಾಗ, ಐದು ನಿಮಿಷ ಅವನ ಪಕ್ಕ ಕೂತುಕೊಳ್ಳಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಅದಕ್ಕೇ, ಕೇಳಿದರೆ ನಿಜ ಹೇಳು. ಯುದ್ಧದಲ್ಲಿ ಕೊಲ್ಲುತ್ತಾರೆ, ಸಾಯುತ್ತಾರೆ, ಆಚೆ ಕಡೆಯವರಿಗೂ ಅಮ್ಮ ಇರುತ್ತಾಳೆ. ಜೊತೆಗೆ ಇದನ್ನೂ ಹೇಳು: ಕೊರಿಯಾ ಯುದ್ಧ ನಿಂತಾಗ, 1953ರಲ್ಲಿ, ಸೆರೆಸಿಕ್ಕವರು ಮನೆಗೆ ಹಿಂದಿರುಗುವ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಇದೇ ತಿಮ್ಮಯ್ಯ ಅಧ್ಯಕ್ಷರಾಗಿದ್ದರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರು. ಕೊನೆಗೆ ಸೈಪ್ರಸ್ಸಿನಲ್ಲಿ ಗ್ರೀಕರೂ ತುರ್ಕರೂ ಕಾದಾಡದ ಹಾಗೆ ನಡುವೆ ನಿಂತ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ, ಅಲ್ಲಿಯೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಟ್ಯಾಂಕು ನೋಡಿದ ಕಣ್ಣಿಗೆ ಇದೂ ಕಾಣಬೇಕು.

ಪೇಟೆಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತ ಇದೆ. ಅಲ್ಲಿ ಕಾರು ನಿಧಾನ ಮಾಡು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹಾರಿದವರು ತಿರುಗಿ ಬರಲಿಲ್ಲ. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ, ಆಚೆಯವರ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಅವರು ಕೆಡವಿದ್ದರು ಎಂಬುದು ಈಚೆಯವರಿಗೆ ತಿಳಿಯಲಿಕ್ಕೇ ಅದೆಷ್ಟೋ ವರ್ಷ ಬೇಕಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ಮನೆಯವರು ಆ ದಿನಗಳನ್ನು ಹೇಗೆ ಕಳೆದಿರಬಹುದು, ನೀನೇ ಯೋಚಿಸು. ಮಕ್ಕಳಿಗೂ ಯೋಚಿಸಲು ಬಿಡು.

ಆಮೇಲೆ ಅವರು ನಗಲಿ, ಕುಣಿಯಲಿ. ಸ್ಮಾರಕಕ್ಕೆ ಹೋದೆವು ಅಂತ ದಿನವಿಡೀ ಗಂಭೀರವಾಗಿ ಇರಬೇಕಾಗಿಲ್ಲ. ಕೋಟೆಯೊಳಗಿನ ಆ ಎರಡು ಗಾರೆಯ ಆನೆ ಕಂಡರೆ ಸಣ್ಣವಳಿಗೆ ದುಬಾರೆ ಮರೆತೇ ಹೋಗುತ್ತದೆ. ರಾಜಾಸೀಟಿನಲ್ಲಿ ಸೂರ್ಯ ಮುಳುಗುವವರೆಗೆ ಕಾಯಬೇಡ, ಬೆಳಕಿರುವಾಗಲೇ ಘಟ್ಟ ಇಳಿ. ಜೋಡುಪಾಲದ ಹತ್ತಿರ 2018ರಲ್ಲಿ ಗುಡ್ಡ ಜರಿದ ಜಾಗ ಸಿಗುತ್ತದೆ, ಅಲ್ಲಿ ವೇಗ ಬೇಡವೇ ಬೇಡ. ದೊಡ್ಡವನಿಗೆ ತಿರುವಿನಲ್ಲಿ ಹೊಟ್ಟೆ ತೊಳೆಸುತ್ತದಲ್ಲ, ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ ಇಟ್ಟಿದ್ದೇನೆ, ಕೊಡುತ್ತೇನೆ.

ಹಿಂದಿನ ರಾತ್ರಿಯೇ ಇಲ್ಲಿಗೆ ಬಂದು ಮಲಗಿ. ತೋಟದ ಬದಿಯ ಹಲಸು ಹಣ್ಣಾಗಿದೆ, ಬಾಳೆ ಎಲೆಯಲ್ಲಿ ಹಲಸಿನ ಕೊಟ್ಟಿಗೆ ಕಡುಬು ಬೇಯಿಸಿ ಬುತ್ತಿ ಕಟ್ಟುತ್ತೇನೆ. ಐದಕ್ಕೆ ಎಬ್ಬಿಸುತ್ತೇನೆ, ನಿನ್ನ ಹೆಂಡತಿಗೂ ಈಗಲೇ ಹೇಳಿಡು.

ಇತಿ,
ನಿನ್ನ ದೊಡ್ಡಮ್ಮ